ಗೆರೆಯ ಹಿಂದಿನ ಮುಖ

ನಾನು ಕೆಲಸ ಮಾಡುವ ಸ್ಟುಡಿಯೋ ಕುರ್ಲಾದ ಒಂದು ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದೆ. ಕೆಳಗಿನ ಗಾಲಾದಲ್ಲಿ, ಎಂದರೆ ಬಾಡಿಗೆಯ ಸಣ್ಣ ಕಾರ್ಖಾನೆಯಲ್ಲಿ, ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ತಯಾರಾಗುತ್ತದೆ. ಆ ಯಂತ್ರದ ನಡುಕ ನಮ್ಮ ಕುರ್ಚಿಗಳ ಕಾಲಿನವರೆಗೂ ಬರುತ್ತದೆ. ಮೇಲೆ ನಾವು ಸಿನಿಮಾಗಳಿಗೂ ವೆಬ್ ಸೀರೀಸುಗಳಿಗೂ ಬೇಕಾದ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ತಿದ್ದುತ್ತೇವೆ. ನಾಯಕನನ್ನು ಗಾಳಿಯಲ್ಲಿ ಹಿಡಿದೆತ್ತಿದ ತಂತಿ ಅಳಿಸುವುದು, ಶೂಟಿಂಗಿನ ದಿನ ಬಾರದ ಮಳೆಯನ್ನು ಸುರಿಸುವುದು, ಖಾಲಿ ಮೈದಾನಕ್ಕೆ ಜನ ತುಂಬುವುದು. ಕೆಲಸ ನನಗೆ ಇಷ್ಟ. ಕೆಲಸ ಮಾಡುವ ಕೋಣೆ ಇಷ್ಟವಿಲ್ಲ.

ಕೋಣೆಗೆ ಕಿಟಕಿಗಳಿವೆ. ಆದರೆ ಒಳಗಿನಿಂದ ಪ್ಲೈವುಡ್ ಹೊಡೆದು ಕಪ್ಪು ಬಣ್ಣ ಬಳಿದುಬಿಟ್ಟಿದ್ದಾರೆ. ಬೆಳಕು ಬಿದ್ದರೆ ಪರದೆಯ ಬಣ್ಣ ಸರಿಯಾಗಿ ಕಾಣುವುದಿಲ್ಲವಂತೆ. ಬಾಗಿಲಲ್ಲೇ ಫೋನನ್ನು ಲಾಕರಿನಲ್ಲಿಟ್ಟು ಬರಬೇಕು. ಬಿಡುಗಡೆಯಾಗದ ದೃಶ್ಯ ಹೊರಗೆ ಹೋದರೆ ಕಂಪನಿಯೇ ಮುಚ್ಚಿಹೋಗುತ್ತದೆ ಎಂದು ಸೇರಿದ ಮೊದಲ ದಿನವೇ ಹೆದರಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಒಳಗೆ ನೋಡಿದ್ದನ್ನು ಮನೆಯವರಿಗೂ ಹೇಳುವಂತಿಲ್ಲ. ಬಾತ್‌ರೂಮಿಗೆ ಹೋಗಬೇಕಾದರೂ ಬಾಗಿಲಿಗೆ ಕಾರ್ಡ್ ಮುಟ್ಟಿಸಬೇಕು, ಎಷ್ಟು ಹೊತ್ತಿಗೆ ವಾಪಸಾದೆವು ಎಂಬುದು ಎಲ್ಲೋ ದಾಖಲಾಗುತ್ತದೆ. ಬೆಳಿಗ್ಗೆ ಆಂಟಾಪ್ ಹಿಲ್‌ನ ನಮ್ಮ ಕೋಣೆಯಿಂದ ಹೊರಟು ಹಾರ್ಬರ್ ಲೈನಿನ ಲೋಕಲ್ ಹಿಡಿದು ಒಳಗೆ ಹೊಕ್ಕೆನೆಂದರೆ, ಕತ್ತಲಾಗುವವರೆಗೆ ಹೊರಗಿನ ಜಗತ್ತು ಎಂದರೆ ನನ್ನ ಮಾನಿಟರಿನಲ್ಲಿ ಬಂದಷ್ಟೇ.

ಆ ಮಾನಿಟರಿನಲ್ಲೇ ಒಂದು ದಿನ ನನ್ನ ಅಣ್ಣ ಕಾಣಿಸಿಕೊಂಡ.

ನಮಗೆ ಬಂದದ್ದು ಒಬ್ಬ ಬಾಡಿಗೆ ಕೊಲೆಗಾರನ ಕತೆಯ ಸೀರೀಸು. ಅವನು ಎತ್ತರದ ಕಟ್ಟಡವೊಂದರಲ್ಲಿ ಮಲಗಿಕೊಂಡು, ಬಂದೂಕಿನ ಮೇಲಿನ ಸ್ಕೋಪಿನಲ್ಲಿ ಊರನ್ನು ನೋಡುತ್ತಾನೆ. ಒಂದು ಕಿಟಕಿ, ಇನ್ನೊಂದು ಕಿಟಕಿ, ಬಟ್ಟೆ ಒಣಹಾಕುವ ಹೆಂಗಸು, ಟೆರೇಸು, ಕೊನೆಗೆ ಬಾಲ್ಕನಿಯಲ್ಲಿ ನಿಂತ ಖಳನಾಯಕ. ಕ್ಯಾಮೆರಾದವರು ಉದ್ದನೆಯ ಲೆನ್ಸಿನಲ್ಲಿ ದೂರದಿಂದ ಊರನ್ನು ಚಿತ್ರಿಸಿ ತಂದಿದ್ದರು. ಅದರ ಮೇಲೆ ಸ್ಕೋಪಿನ ದುಂಡು ಕಪ್ಪು ಅಂಚು, ನಡುವೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಕೂರಿಸುವುದು ನನ್ನ ಕೆಲಸ. ಸ್ಟುಡಿಯೋದಲ್ಲಿ ಅದನ್ನು ಕ್ರಾಸ್‌ಹೇರ್ ಎನ್ನುತ್ತಾರೆ. ನಾನು ನನ್ನಷ್ಟಕ್ಕೆ ಗುರಿಗೆರೆ ಎಂದುಕೊಳ್ಳುತ್ತಿದ್ದೆ.

ಕೆಲಸ ಸುಲಭದ್ದು ಎಂದುಕೊಂಡಿದ್ದೆ. ಆದರೆ ಕೊಲೆಗಾರ ಸ್ಕೋಪಿನ ಬಳೆ ತಿರುಗಿಸಿ ದೃಶ್ಯವನ್ನು ಹತ್ತಿರಕ್ಕೆ ಎಳೆದುಕೊಳ್ಳುವಾಗ ಒಂದು ಪ್ರಶ್ನೆ ಎದ್ದಿತು. ಮನುಷ್ಯ ದೊಡ್ಡದಾಗಿ ಕಾಣುತ್ತಾನೆ, ಸರಿ. ಗೆರೆಯೂ ಅವನ ಜೊತೆ ದಪ್ಪವಾಗಬೇಕೋ, ಅಥವಾ ಇದ್ದ ಹಾಗೇ ಇರಬೇಕೋ? ನಾನು ಇದ್ದ ಹಾಗೇ ಬಿಟ್ಟಿದ್ದೆ. ನಿರ್ದೇಶಕ ವೀಡಿಯೋ ಕಾಲ್‌ನಲ್ಲಿ ನೋಡಿ, ಗೆರೆ ಬೆಳೆಯಬೇಕು, ಆಗ ಭಯ ಹೆಚ್ಚುತ್ತದೆ ಎಂದ. ಬೆಳೆಸಿದೆ. ಅವನ ಸಹಾಯಕ, ನಿಜವಾದ ಸ್ಕೋಪಿನಲ್ಲಿ ಹಾಗಾಗುವುದಿಲ್ಲ, ಜನ ನಗುತ್ತಾರೆ ಎಂದ. ಮತ್ತೆ ಮೊದಲಿನಂತೆ ಮಾಡಿದೆ. ನಾಲ್ಕೈದು ಸೆಕೆಂಡಿನ ಆ ತುಣುಕು ಹೋಗುವುದು ಬರುವುದು ನಡೆದೇ ಇತ್ತು. ಕೊನೆಗೆ ಪ್ರೊಡಕ್ಷನ್‌ನವರು ಒಬ್ಬ ಸಲಹೆಗಾರರನ್ನು ಕಳಿಸಿದರು.

ಅವರು ಫೌಜಿನಿಂದ ನಿವೃತ್ತರಾದ ಹವಾಲ್ದಾರರು. ಬಿಳಿ ಮೀಸೆ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು. ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಮಾತಿಲ್ಲದೆ ಪರದೆ ನೋಡುತ್ತಿದ್ದರು. ಅಷ್ಟರಲ್ಲಿ ಸಾಫ್ಟ್‌ವೇರ್ ಸಿಕ್ಕಿಹಾಕಿಕೊಂಡಿತು. ನನ್ನ ಬಾಯಿಂದ ತಾನಾಗಿ, "ಥೂ, ಇದರ ಬಾಯಾಗ ಮಣ್ಣ ಹಾಕ" ಎಂದು ಬಂತು.

"ಎಲ್ಲಿಯವರವಾ ನೀವು?" ಎಂದರು ಹಿಂದಿನಿಂದ.

ತಿರುಗಿ ನೋಡಿದೆ. "ವಿಜಾಪುರ ಕಡೇದವರ್ರಿ. ಹುಟ್ಟಿದ್ದು ಇಲ್ಲೇ, ಆಂಟಾಪ್ ಹಿಲ್‌ನಾಗ."

"ನಾ ಗೋಕಾಕ ಬಾಜೂ. ಈ ಕತ್ತಲಿ ಗವ್ಯಾಗ ಕನ್ನಡ ಸಿಕ್ತಲ್ಲ, ಪುಣ್ಯ."

ಆಮೇಲೆ ಅವರು ಹೇಳಿಕೊಟ್ಟದ್ದು ನನಗೆ ಇವತ್ತಿಗೂ ಬಾಯಿಪಾಠ. "ನೋಡ ತಂಗಿ, ಎರಡೂ ನಮೂನಿ ಇರ್ತಾವ. ಒಂದು ಹಾಳಿ ಮ್ಯಾಲೆ ಗೆರಿ ಹೊಡದು, ಅದರ ಮ್ಯಾಲೆ ಭೂತಗನ್ನಡಿ ಹಿಡಿ. ಹಾಳೀನೂ ದೊಡ್ಡದು, ಗೆರೀನೂ ದೊಡ್ಡದು. ಹೌದಿಲ್ಲೋ? ಅದು ಫಸ್ಟ್ ಫೋಕಲ್ ಪ್ಲೇನ್. ಈಗ ಭೂತಗನ್ನಡಿ ಮ್ಯಾಲೇನ ಗೆರಿ ಹೊಡಿ. ಕೆಳಗಿಂದು ಎಷ್ಟರ ದೊಡ್ಡದಾಗ್ಲಿ, ಗೆರಿ ಇದ್ದಷ್ಟ. ಅದು ಸೆಕೆಂಡ್. ಇಬ್ಬರೂ ಖರೇನ ಹೇಳ್ಯಾರ. ಬಂದೂಕು ಯಾವ್ದು ಅಂತ ಯಾರೂ ಕೇಳಿಲ್ಲ."

ಯಾವುದು ಒಳ್ಳೆಯದು ಎಂದು ಕೇಳಿದೆ. ಅವರು ಮೀಸೆ ತಿಕ್ಕಿಕೊಂಡರು. ಗೆರೆಯ ಮೇಲೆ ಚುಕ್ಕೆ ಗುರುತುಗಳಿರುತ್ತವೆ, ಅವುಗಳಿಂದ ದೂರ ಅಳೆಯುತ್ತಾರೆ. ಮೊದಲ ನಮೂನೆಯಲ್ಲಿ ಎಷ್ಟು ಹತ್ತಿರಕ್ಕೆ ಎಳೆದರೂ ಆ ಅಳತೆ ಸುಳ್ಳಾಗುವುದಿಲ್ಲ. ಆದರೆ ದೂರಕ್ಕೆ ಬಿಟ್ಟಾಗ ಗೆರೆ ಕೂದಲೆಳೆಯಂತಾಗಿ ಸಂಜೆಯ ಮಬ್ಬಿನಲ್ಲಿ ಕಣ್ಣಿಗೇ ಸಿಗುವುದಿಲ್ಲ. ಎರಡನೆಯದರಲ್ಲಿ ಗೆರೆ ಯಾವಾಗಲೂ ಸ್ಪಷ್ಟ, ಆದರೆ ಅಳತೆ ಸರಿಬರುವುದು ಒಂದೇ ಒಂದು ಜೂಮಿನಲ್ಲಿ. "ಎರಡರಾಗೂ ಒಂದೊಂದು ತ್ರಾಸ ಐತಿ" ಎಂದರು. ಕತೆಯಲ್ಲಿ ಕೊಲೆಗಾರನ ಕೈಯಲ್ಲಿದ್ದದ್ದು ಹಳೆಯ ಬೇಟೆ ಬಂದೂಕು. ಅದಕ್ಕೆ ಎರಡನೆಯದೇ ಸರಿ, ಗೆರೆ ಬೆಳೆಯಕೂಡದು ಎಂದು ನಮ್ಮ ಸೂಪರ್‌ವೈಸರಿಗೆ ಹೇಳಿ ಹೋದರು.

ಮರುದಿನ ನಾನು ಗೆರೆಯನ್ನು ತೆಳ್ಳಗೆ ಇಟ್ಟುಕೊಂಡು ಇಡೀ ತುಣುಕನ್ನು ಒಂದೊಂದೇ ಫ್ರೇಮಾಗಿ ಪರೀಕ್ಷಿಸುತ್ತಿದ್ದೆ. ಟೆರೇಸಿನ ಹತ್ತಿರ ಬಂದೆ. ಅಲ್ಲಿ ನೀರಿನ ಕಪ್ಪು ಟಾಕಿಯ ಪಕ್ಕ ಒಬ್ಬ ಮನುಷ್ಯ ನಿಂತಿದ್ದ. ಅಷ್ಟು ದಿನ ಅವನನ್ನು ನೋಡಿದ್ದೆ, ನೋಡಿರಲಿಲ್ಲ. ಆ ಹೊತ್ತು ಗುರಿಗೆರೆ ಸರಿಯಾಗಿ ಕೂತಿದೆಯೇ ಎಂದು ಹತ್ತಿರಕ್ಕೆ ಎಳೆದಾಗ ಅವನು ಒಂದು ಕಾಲಿನ ಅಂಗಾಲನ್ನು ಇನ್ನೊಂದು ಕಾಲಿನ ಮೊಣಕಾಲಿಗೆ ಒತ್ತಿ ಒಂಟಿಕಾಲಲ್ಲಿ ನಿಂತ. ಹೆಗಲ ಮೇಲಿನ ಒದ್ದೆ ಟವೆಲನ್ನು ಹಿಂಡಿ ತಲೆಗೆ ಸುತ್ತಿಕೊಂಡ. ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಾಗ, ಸಿಮೆಂಟು ಕಲಸುವವರೆಗೆ ಕಾಯುತ್ತ, ನನ್ನ ಅಣ್ಣ ಹಾಗೆಯೇ ನಿಲ್ಲುತ್ತಿದ್ದ.

ಪರದೆಗೆ ಮೂಗು ತಾಗುವಷ್ಟು ಬಗ್ಗಿದೆ. ಗಡ್ಡ ಬೆಳೆದಿತ್ತು. ಸೊರಗಿದ್ದ. ಆದರೆ ಅಣ್ಣನೇ.

ಅಣ್ಣ ಮನೆಬಿಟ್ಟು ಮೂರು ವರ್ಷದ ಮೇಲಾಗಿತ್ತು. ಸೋದರಮಾವನ ಮಗಳ ಜೊತೆ ಅವನ ಮದುವೆ ಎಂದು ಅವ್ವ ಅವರಿಬ್ಬರು ಸಣ್ಣವರಿದ್ದಾಗಲೇ ಮಾತು ಕೊಟ್ಟಿದ್ದಳು. ದಿನ ಹತ್ತಿರ ಬಂದಾಗ ಅವನು ಒಲ್ಲೆ ಎಂದ. ಯಾರನ್ನೋ ಮೆಚ್ಚಿಕೊಂಡಿದ್ದಾನೆಂದು ಎಲ್ಲರೂ ತಿಳಿದರು, ಹಾಗೇನಿರಲಿಲ್ಲ. "ಆ ಹುಡುಗಿ ಜೋಡಿ ಕೂಡಿ ಆಡೇನಿ, ಹೆಂಗ ಲಗ್ನಾ ಆಗ್ಲಿ?" ಎಂದಷ್ಟೇ ಹೇಳಿದ. ಮಾವ ಊರಿಂದ ಬಂದು ನಮ್ಮ ಚಾಳಿನ ನೆರೆಯವರೆದುರು ಅತ್ತರು. ಅಪ್ಪ ಅವರೆದುರೇ ಅಣ್ಣನ ಕೆನ್ನೆಗೆ ಹೊಡೆದು, "ನನ್ನ ಕಣ್ಣ ಮುಂದ ಇರಬ್ಯಾಡ" ಎಂದ. ಅಣ್ಣ ಇರಲಿಲ್ಲ. ಫೋನ್ ನಂಬರು ಬದಲಾಯಿತು. ಮಾವನ ಮನೆಯವರೂ ಮಾತು ಬಿಟ್ಟರು. ಅವ್ವನಿಗೆ ಒಂದೇ ದಿನದಲ್ಲಿ ಮಗನೂ ತವರೂ ಎರಡೂ ಹೋದವು.

ಪರದೆಯ ಮೇಲೆ ಅವನನ್ನು ಗುರುತಿಸಿದ ಆ ಗಳಿಗೆಯಲ್ಲಿ ಎದ್ದು ಓಡಬೇಕೆನಿಸಿತು. ಓಡುವುದಾದರೂ ಎಲ್ಲಿಗೆ? ಫೋನು ಲಾಕರಿನಲ್ಲಿ. ಫೋಟೋ ತೆಗೆಯುವಂತಿಲ್ಲ. ರಜೆ ಕೇಳುವಂತಿಲ್ಲ, ಕೆಲಸ ಒಪ್ಪಿಸುವವರೆಗೆ ಭಾನುವಾರಗಳನ್ನೂ ರದ್ದು ಮಾಡಿದ್ದರು. ಅವನ ಹಿಂದೆ, ಮಬ್ಬಾಗಿ, ಮೆಟ್ರೋದ ಎತ್ತರದ ಹಳಿ ಕಾಣುತ್ತಿತ್ತು. ಅದರ ಆಚೆ ಅಸಲ್ಫಾ ಗುಡ್ಡದ ಬಣ್ಣಬಣ್ಣದ ಸಣ್ಣ ಮನೆಗಳು. ಅಂದರೆ ಘಾಟ್ಕೋಪರ್ ಪಶ್ಚಿಮ. ನಾನು ಕೂತ ಜಾಗದಿಂದ ಲೋಕಲ್‌ನಲ್ಲಿ ಎರಡು ಸ್ಟೇಷನ್. ಆದರೂ ಆ ಕಪ್ಪು ಪ್ಲೈವುಡ್ಡಿನ ಒಳಗೆ ಕೂತು, ದಿನವಿಡೀ ನಾನು ಮಾಡಿದ್ದು ಅಣ್ಣನ ಮೇಲೆ ಗುರಿಗೆರೆ ಹಾಯಿಸುವ ಕೆಲಸ.

ಮನೆಗೆ ಹೋದರೆ ಅವ್ವ ಬೇರೆ. ಅವಳು ನಾಲ್ಕು ಮನೆಗಳ ಕೆಲಸ ಮುಗಿಸಿ ಬಂದು ರೊಟ್ಟಿ ಬಡಿಯುತ್ತ, "ಇವತ್ತರ ಏನರ ಗೊತ್ತಾತೇನು?" ಎಂದು ಕೇಳುತ್ತಿದ್ದಳು. ಅದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಕಂಪ್ಯೂಟರಿನಲ್ಲಿ ಕೆಲಸ ಮಾಡುವವಳಿಗೆ ಯಾರನ್ನು ಬೇಕಾದರೂ ಹುಡುಕಲು ಬರುತ್ತದೆ ಎಂದು ಅವಳ ನಂಬಿಕೆ. "ಇಲ್ಲವಾ" ಎಂದೆ. ಹೇಳಿದರೆ ಅವಳು ಆಗಲೇ ಚಪ್ಪಲಿ ಮೆಟ್ಟಿ ಹೊರಡುತ್ತಾಳೆ; ಯಾವ ಕಟ್ಟಡ ಎಂದು ನನಗೇ ಗೊತ್ತಿಲ್ಲ. ಅಲ್ಲದೆ ಆ ಕಾಗದದ ಸಹಿ. ನೆಲದ ಮೇಲೆ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಅಣ್ಣನ ಮಾತು ಬಂದರೆ ಅವನು ಯಾವಾಗಲೂ ಗೋಡೆಗೇ ತಿರುಗುತ್ತಿದ್ದ. ಮನೆಯ ಕೋಣೆಯಲ್ಲಿ ನನ್ನ ಬಾಯಿ, ಸ್ಟುಡಿಯೋದ ಕೋಣೆಯಲ್ಲಿ ನನ್ನ ಕಾಲು, ಎರಡೂ ಕಟ್ಟಿಹೋಗಿದ್ದವು.

ಹೀಗಿರುವಾಗ ನಿರ್ದೇಶಕನೇ ಸ್ಟುಡಿಯೋಕ್ಕೆ ಬಂದ. ತುಣುಕನ್ನು ದೊಡ್ಡ ಪರದೆಯಲ್ಲಿ ಹಾಕಿ ನೋಡಿದ. ಟೆರೇಸಿನ ಹತ್ತಿರ ಕೈಯೆತ್ತಿ, ನಿಲ್ಲಿಸು ಎಂದ.

"ಇವನು ಚೆನ್ನಾಗಿದ್ದಾನೆ" ಎಂದು ಹಿಂದಿಯಲ್ಲಿ ಹೇಳಿದ. "ಕೊಲೆಗಾರ ಇಲ್ಲಿ ತಡೆಯಲಿ. ಗುರಿ ಪರೀಕ್ಷಿಸುವುದಕ್ಕೆ ಸುಮ್ಮನೆ ಯಾವನೋ ಒಬ್ಬನನ್ನು ಆರಿಸಿಕೊಳ್ಳಲಿ. ಜೂಮ್ ಮಾಡು. ಎದೆಯ ಮೇಲೆ ಕ್ರಾಸ್‌ಹೇರ್ ನಿಲ್ಲಿಸು. ಪ್ರೇಕ್ಷಕರಿಗೆ ಉಸಿರು ಕಟ್ಟಬೇಕು. ಆಮೇಲೆ ಬಿಟ್ಟು ಮುಂದೆ ಹೋಗಲಿ."

ಹವಾಲ್ದಾರರೂ ಅವತ್ತು ಬಂದಿದ್ದರು. ಎದೆಯ ಎಡಕ್ಕೆ ಎಷ್ಟು, ಉಸಿರಾಟಕ್ಕೆ ಗೆರೆ ಎಷ್ಟು ಏರಿಳಿಯಬೇಕು ಎಂದು ಹೇಳಿಕೊಡಲು ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿ ಮಿಕ್ಕವರು ಚಹಾಕ್ಕೆ ಹೋದರು. ನಾನು ಮೌಸ್ ಹಿಡಿದೆ. ಗೆರೆಯನ್ನು ಅಣ್ಣನ ಹೆಗಲವರೆಗೆ ತಂದೆ. ಮುಂದೆ ಕೈ ಹೋಗಲಿಲ್ಲ. ಮತ್ತೆ ಮೊದಲಿನಿಂದ ತಂದೆ. ಮತ್ತೆ ಹೆಗಲಲ್ಲೇ ನಿಂತಿತು.

ಹವಾಲ್ದಾರರು ಪರದೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು.

"ಯಾರು ಅಂವಾ?"

ನಾನು ಮೌಸಿನಿಂದ ಕೈ ತೆಗೆದೆ.

"ನಾ ಈ ಕೆಲಸ ಭಾಳ ವರ್ಷ ಮಾಡೇನಿ ತಂಗಿ. ದುರ್ಬೀನದಾಗ ಒಬ್ಬನ್ನ ದಿನಗಟ್ಲೆ ನೋಡಿದ್ರ ಅಂವಾ ನಮ್ಮ ಮನಿ ಮನಶ್ಯಾನ ಆಗಿಬಿಡ್ತಾನ. ಎಷ್ಟಕ್ಕ ಏಳ್ತಾನ, ಯಾವ ಕೈಲೆ ಉಣ್ತಾನ, ಎಲ್ಲಾ ಗೊತ್ತಾಗ್ತದ. ಖರೆ ನಿನ್ನ ಮಾರಿ ಹಂಗಿಲ್ಲ. ನೀ ಮೊದಲಿಂದಾನ ಬಲ್ಲಿ ಅವನ್ನ."

"ನಮ್ಮಣ್ಣ ರೀ" ಎಂದೆ. ಅಷ್ಟು ದಿನ ಯಾರಿಗೂ ಹೇಳದ್ದು ಅದು. ಒಮ್ಮೆ ಬಾಯಿಬಿಟ್ಟ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಡುವೆ ಬಾಯಿಹಾಕಲಿಲ್ಲ. ಕೊನೆಗೆ, "ಇಷ್ಟು ಹೊತ್ಕೊಂಡು ಇಲ್ಲಿ ಕುಂತೀಯಲ್ಲ, ಹೇಳಬಾರದ?" ಎಂದರು. "ಯಾರಿಗೆ ಹೇಳ್ಲಿರಿ?" ಎಂದೆ. ಅವರು ಎದ್ದು ಹೋಗಿ ನಮ್ಮ ಸೂಪರ್‌ವೈಸರನ್ನು ಕರೆದುಕೊಂಡು ಬಂದರು.

ಸೂಪರ್‌ವೈಸರ್ ಸೋಲಾಪುರ ಕಡೆಯ ಮರಾಠಿ ಮನುಷ್ಯ. ಕೆಟ್ಟವನಲ್ಲ. ಅವನಿಗೂ ಮನೆಗೆ ಹೋಗದೆ ಎಷ್ಟೋ ದಿನಗಳಾಗಿದ್ದವು, ಕಣ್ಣ ಕೆಳಗೆ ಕಪ್ಪಾಗಿತ್ತು. ನನ್ನ ಮಾತು ಕೇಳಿ ಮೊದಲು ಅವನ ಮುಖದಲ್ಲಿ ಬಂದದ್ದು ಹೆದರಿಕೆ. ಟೆರೇಸಿನ ಮನುಷ್ಯ ದುಡ್ಡು ಕೊಟ್ಟು ನಿಲ್ಲಿಸಿದ ಜೂನಿಯರ್ ಆರ್ಟಿಸ್ಟ್ ಎಂದು ಅವನು ತಿಳಿದಿದ್ದ. ಅಲ್ಲವೆಂದರೆ, ಅನುಮತಿಯಿಲ್ಲದೆ ಯಾರದೋ ಮುಖವನ್ನು ಹತ್ತಿರದಿಂದ ತೋರಿಸಿ ಅದರ ಮೇಲೆ ಬಂದೂಕು ಗುರಿಯಿಟ್ಟ ಹಾಗಾಗುತ್ತದೆ. ನಾಳೆ ಕೋರ್ಟು ಕಚೇರಿ.

ಹೊರಗೆ ಹೋಗಿ ಪ್ರೊಡಕ್ಷನ್‌ನವರ ಜೊತೆ ಮಾತಾಡಿ ಬಂದ. "ಎರಡೇ ದಾರಿ" ಎಂದ. "ಅವನ ಒಪ್ಪಿಗೆಯ ಸಹಿ ತಂದರೆ ಈಗಿರುವಂತೆ ತೆಳು ಗೆರೆ, ಮುಖ ಪೂರ್ತಿ ಕಾಣಲಿ. ಸಹಿ ಸಿಗದಿದ್ದರೆ ಗೆರೆಯನ್ನು ಬೆಳೆಸು. ಜೂಮ್ ಆಗುತ್ತ ಆಗುತ್ತ ಉದ್ದಗೆರೆ ದಪ್ಪವಾಗಿ ಮುಖದ ಮೇಲೇ ಬರುತ್ತದೆ. ಗುರುತು ಸಿಗುವುದಿಲ್ಲ." ಹವಾಲ್ದಾರರ ಕಡೆ ನೋಡಿ, "ಸರ್, ಹಾಗೂ ಇರುತ್ತದೆ ತಾನೇ?" ಎಂದ.

"ಇರ್ತಾವ" ಎಂದರು ಅವರು. "ಬಂದೂಕು ಬ್ಯಾರೆ ಕೊಡ್ರಿ ಆ ಕೊಲೆಗಾರನ ಕೈಯಾಗ, ಅಷ್ಟ."

ಹೀಗೆ, ಸಹಿ ತರುವ ನೆಪದಲ್ಲಿ, ನನ್ನನ್ನು ಮರುದಿನ ಬೆಳಿಗ್ಗೆ ಅರ್ಧ ದಿನ ಹೊರಗೆ ಬಿಟ್ಟರು.

ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋದ ಹಳಿಯ ಕೆಳಗೇ ನಡೆದೆ. ಗುಡ್ಡ ಯಾವ ಕೋನದಲ್ಲಿ ಕಾಣಬೇಕೆಂದು ನನಗೆ ಗೊತ್ತಿತ್ತು. ವಾರಗಟ್ಟಲೆ ಅದನ್ನೇ ನೋಡಿದ್ದೆ. ಒಳಗಿನ ಒಂದು ಗಲ್ಲಿಯಲ್ಲಿ, ಮೇಲೆ ಅದೇ ಕಪ್ಪು ಟಾಕಿಯಿದ್ದ ಆ ಕಟ್ಟಡ ಸಿಕ್ಕಿತು. ನಾಲ್ಕು ಮಹಡಿ. ಕಿಟಕಿಗಳ ಚೌಕಟ್ಟುಗಳನ್ನು ಕಿತ್ತು ಒಯ್ದಿದ್ದರು, ಒಳಗೆಲ್ಲ ಬರಿಯ ಕತ್ತಲೆ. ಸುತ್ತ ನೀಲಿ ತಗಡಿನ ಬೇಲಿ. ಒಡೆದು ಹೊಸದು ಕಟ್ಟಲು ಬಿಲ್ಡರ್ ತೆಗೆದುಕೊಂಡಿದ್ದ. ಮೆಟ್ಟಿಲ ಬುಡದ ಜಾಲರಿ ಗೇಟಿಗೆ ಸರಪಳಿ ಸುತ್ತಿತ್ತು. ಎದುರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬಿಲ್ಡರನ ಕಾವಲಿನವರು ಇಬ್ಬರು ಕೂತಿದ್ದರು.

"ಮೇಲೆ ಒಬ್ಬರಿದ್ದಾರೆ, ಅವರನ್ನು ನೋಡಬೇಕು" ಎಂದೆ ಹಿಂದಿಯಲ್ಲಿ.

ಅವರಲ್ಲೊಬ್ಬ ನಕ್ಕ. "ಕೆಳಗೆ ಬಂದರೆ ನೋಡಿ. ಒಳಗೆ ಯಾರನ್ನೂ ಬಿಡುವುದಿಲ್ಲ. ಅವನು ಹೊರಗೆ ಬರಬಹುದು, ಬೇಡ ಅಂದವರಾರು? ಬಂದರೆ ಮತ್ತೆ ಒಳಗೆ ಮಾತ್ರ ಇಲ್ಲ."

ಗೇಟಿನ ಜಾಲರಿಗೆ ಬಾಯಿಟ್ಟು "ಅಣ್ಣಾ" ಎಂದು ಕೂಗಿದೆ. ಖಾಲಿ ಕಟ್ಟಡದಲ್ಲಿ ಆ ಕೂಗು ಮಹಡಿ ಮಹಡಿ ಹತ್ತಿ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ಕೊನೆಯ ತಿರುವಿನಲ್ಲಿ ಅವನು ನಿಂತುಬಿಟ್ಟ.

"ನೀ ಹೆಂಗ ಬಂದಿ?" ಎಂದ. ಆಮೇಲೆ, "ಅವ್ವಗ ಏನರ ಆಗೇತೇನು?"

"ಏನೂ ಆಗಿಲ್ಲ. ದಿನಾ ನಿನ್ನ ಕೇಳ್ತಾಳ."

ಅವನು ಇಳಿದು ಬಂದು ಜಾಲರಿಯ ಆಚೆ ಕುಕ್ಕರಗಾಲಲ್ಲಿ ಕೂತ. ನಾನು ಈಚೆ ಕೂತೆ. ಅವನ ಕತೆ ಕೇಳಿದೆ. ಮನೆಬಿಟ್ಟ ಮೇಲೆ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತ ಅಲ್ಲಿ ಇಲ್ಲಿ ಮಲಗುತ್ತಿದ್ದ. ಈ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬಂಟಿ ಮುದುಕರೊಬ್ಬರಿದ್ದರು, ನಿವೃತ್ತ ಮಾಸ್ತರರು. ಅವರ ಅಡುಗೆಮನೆಯ ನೆಲ ಸರಿಮಾಡಲು ಹೋದವನನ್ನು ಅಲ್ಲೇ ಇರು ಎಂದು ಇಟ್ಟುಕೊಂಡರು. ಡೆಂಗಿ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟರು. ಬಿಲ್ಡರ್ ಕಟ್ಟಡ ಖಾಲಿ ಮಾಡಿಸಿದಾಗ ಎಲ್ಲರೂ ಹೋದರು, ಇವರ ಕರಾರು ಮಾತ್ರ ಬಗೆಹರಿಯಲಿಲ್ಲ. ಕೇಸು ನಡೆದಿತ್ತು. ನಡುವೆ ಅವರಿಗೆ ಲಕ್ವ ಹೊಡೆದು ಮಗಳು ಪುಣೆಗೆ ಕರೆದೊಯ್ದಳು. ಕೋಣೆಯಲ್ಲಿ ಯಾರೂ ಇಲ್ಲವೆಂದಾದರೆ ಬಿಲ್ಡರನ ಕಡೆಯವರು ಬೀಗ ಒಡೆದು ಸ್ವಾಧೀನ ಮಾಡಿಕೊಳ್ಳುತ್ತಾರೆ. ಹೋಗುವ ದಿನ ಅವರು ಬಾಯಿ ಸೊಟ್ಟಗಾಗಿ ಮಾತು ಹೊರಡದೆ ಅಣ್ಣನ ಮಣಿಕಟ್ಟು ಹಿಡಿದುಕೊಂಡರಂತೆ.

"ಅವತ್ತಿಂದ ಇಲ್ಲೇ ಅದೀನಿ" ಎಂದ. "ಲೈಟ್ ಕಿತ್ತಾರ. ಟಾಕ್ಯಾಗಿನ ನೀರು ಖಾಲಿ ಆತು, ಮಳಿ ನೀರು ಹಿಡೀತೀನಿ. ಹಿಂದಿನ ಚಾಳಿನ ಮೌಶಿ ಹಗ್ಗಕ್ಕ ಚೀಲ ಕಟ್ಟತಾಳ, ಮ್ಯಾಲೆ ಎಳಕೋತೀನಿ. ಫೋನ್ ಚಾರ್ಜ್ ಮಾಡಾಕ ಅಕೀ ಕಡೇನ ಇಳಸ್ತೀನಿ. ಸಂಜಿ ಮುಂದ ಟೆರೇಸ್ ಮ್ಯಾಲೆ ನಿಂದರ್ತೀನಿ. ಇಲ್ಲಂದ್ರ ಹುಚ್ಚ ಹಿಡೀತದ."

"ಬಾ ಹೊರಗ. ಮನಿಗಿ ಹೋಗೂಣು."

"ಈಗ ಹೆಂಗ ಬರ್ಲಿ? ಅವರ ಮನಿ ಹೋಗಿಬಿಡ್ತದ. ಒಂದ್ಸಲ ಮಾತು ಮುರದು ಬಂದೇನಿ, ಇನ್ನೊಂದ್ಸಲ ಆಗಂಗಿಲ್ಲ."

ಕುರ್ಚಿಯಲ್ಲಿದ್ದವರಿಗೆ ನಮ್ಮ ಭಾಷೆ ತಿಳಿಯದಿದ್ದರೂ ಸುಮ್ಮನೆ ನಮ್ಮನ್ನೇ ನೋಡುತ್ತಿದ್ದರು. ನಾನು ತಂದಿದ್ದ ಕಾಗದವನ್ನು ಹೊರತೆಗೆದು ವಿಷಯ ಹೇಳಿದೆ. ನಿನ್ನನ್ನು ದೂರದಿಂದ ಚಿತ್ರ ತೆಗೆದಿದ್ದಾರೆ, ಅದರಲ್ಲಿ ಬಂದೂಕಿನ ಗುರಿ ನಿನ್ನ ಮೇಲೆ ನಿಲ್ಲುತ್ತದೆ, ಸಹಿ ಹಾಕಿದರೆ ಮುಖ ಕಾಣುತ್ತದೆ ಎಂದೆ. ಅವನು ಮೊದಲು ಬೆಚ್ಚಿ ಮೇಲೆ ಸುತ್ತಲಿನ ಕಟ್ಟಡಗಳ ಕಡೆ ನೋಡಿದ. ಆಮೇಲೆ ಕೇಳಿದ:

"ಅವ್ವ ನೋಡ್ತಾಳೇನು ಅದನ್ನ?"

"ಮೊಬೈಲ್‌ನಾಗ ಬರ್ತದ. ಯಾರರ ತೋರಸ್ತಾರ."

"ಹಂಗಾರ ಬ್ಯಾಡ. ನನ್ನ ಎದಿ ಮ್ಯಾಲೆ ಬಂದೂಕ ಇಟ್ಟಿದ್ದು ಅಕಿ ನೋಡೂದು ಬ್ಯಾಡ. ಮಾರಿ ಮುಚ್ಚು."

ನಾನು ವಾಪಸು ಬಂದು, ಫೋನನ್ನು ಲಾಕರಿನಲ್ಲಿಟ್ಟು, ಕಾರ್ಡ್ ಮುಟ್ಟಿಸಿ, ಒಳಗೆ ಕೂತು ಗೆರೆಯನ್ನು ಬೆಳೆಸಿದೆ. ಅಡ್ಡಗೆರೆ ಉದ್ದಗೆರೆ ಎದೆಯ ಮೇಲೆ ಕೂಡುತ್ತವೆ. ಜೂಮ್ ಆದಂತೆ ಉದ್ದಗೆರೆ ಕಪ್ಪು ಪಟ್ಟಿಯಾಗಿ ಅವನ ಗಂಟಲು, ಬಾಯಿ, ಮೂಗು, ಹಣೆಯನ್ನು ಮುಚ್ಚಿಕೊಳ್ಳುತ್ತ ಹೋಗುತ್ತದೆ. ಎರಡು ಕಿವಿ ಮತ್ತು ಟವೆಲಿನ ತುದಿ ಮಾತ್ರ ಉಳಿಯುತ್ತವೆ. ಈ ಬಾರಿ ಗೆರೆ ಹೆಗಲಲ್ಲಿ ನಿಲ್ಲಲಿಲ್ಲ. ನಿರ್ದೇಶಕನಿಗೆ ಇಷ್ಟವಾಯಿತು, ತಾನು ಮೊದಲೇ ಹೇಳಿದ್ದೆ ಎಂದ. ಸೀರೀಸು ಬಂದಾಗ ಆ ಭಾಗವನ್ನು ಎಷ್ಟು ಕತ್ತರಿಸಿದ್ದರೆಂದರೆ, ಕಣ್ಣು ಮಿಟುಕಿಸಿದರೆ ಟೆರೇಸೇ ತಪ್ಪಿಹೋಗುತ್ತಿತ್ತು.

ಅವ್ವನಿಗೆ ನಾನು ಅಣ್ಣನನ್ನು ಕಂಡ ದಿನವೇ ಹೇಳಿದೆ. ಸ್ಟುಡಿಯೋದ ಮಾತು ಎತ್ತಲಿಲ್ಲ; ಘಾಟ್ಕೋಪರಿನಲ್ಲಿ ಕಂಡ, ಮಾತಾಡಿಸಿ ಬಂದೆ ಎಂದೆ. ಅವಳು ಅಳಲಿಲ್ಲ. ಹಿಟ್ಟಿನ ಡಬ್ಬಿ ತೆಗೆದಳು. ಮರುದಿನ ಬೆಳಿಗ್ಗೆ, ನಾನು ಕೆಲಸಕ್ಕೆ ಹೋಗುವ ಮೊದಲೇ, ನಾವಿಬ್ಬರೂ ಆ ಗೇಟಿನ ಮುಂದಿದ್ದೆವು. ಇಡೀ ರೊಟ್ಟಿ ಜಾಲರಿಯಲ್ಲಿ ತೂರುತ್ತಿರಲಿಲ್ಲ. ಅವ್ವ ಒಂದೊಂದನ್ನೂ ನಾಲ್ಕಾಗಿ ಮಡಚಿ ತೂರಿಸಿದಳು. ಒಣ ರೊಟ್ಟಿ ಮುರಿದು ಚೂರುಗಳು ಈಚೆ ನೆಲದ ಮೇಲೆ ಬೀಳುತ್ತಿದ್ದವು. ಅಣ್ಣ ಆಚೆಯಿಂದ ಅವಳ ಬೆರಳುಗಳನ್ನು ಹಿಡಿದುಕೊಂಡ. ಕುರ್ಚಿಯವರಲ್ಲೊಬ್ಬ ಎದ್ದು ಹೋಗಿ ಗಲ್ಲಿಯ ತುದಿಯಲ್ಲಿ ಬೆನ್ನು ಮಾಡಿ ನಿಂತ.

ಸಂಜೆ ಅವ್ವ ಅದನ್ನೆಲ್ಲ ಅಪ್ಪನಿಗೆ ಕೇಳುವಂತೆ ಗೋಡೆಗೆ ಹೇಳಿದಳು. ಮಲಗಿದ್ದ ಅಪ್ಪ ತಿರುಗದೆಯೇ ಕೇಳಿದ:

"ಆ ಬಿಲ್ಡಿಂಗಿನ ಕಾಲಮ್ ಹೆಂಗ ಅದಾವ?"

ಕಂಬಗಳ ಮಾತು ಯಾಕೆ ಬಂತೆಂದು ನನಗೆ ಅರ್ಥವಾಗಲಿಲ್ಲ. "ಯಾರ ನೋಡ್ಯಾರ" ಎಂದೆ.

"ಚೌಕಟ್ಟ ಕಿತ್ತಾರಂದ್ರ ಗೋಡಿ ಸಡಲಾಗಿರ್ತಾವ. ಮಳಿ ನೀರು ಬ್ಯಾರೆ ಇಳೀತದ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಮರುದಿನ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಅವ್ವನ ಹಿಂದೆ, ನಾಲ್ಕು ಹೆಜ್ಜೆ ಅಂತರದಲ್ಲಿ, ಘಾಟ್ಕೋಪರಿಗೆ ಬಂದ. ಇದನ್ನು ಅವ್ವ ಹೇಳಿದ್ದು. ನಾನು ಆ ಹೊತ್ತು ಕುರ್ಲಾದ ಕತ್ತಲೆಯಲ್ಲಿ ಇನ್ಯಾರದೋ ತಂತಿ ಅಳಿಸುತ್ತಿದ್ದೆ. ಅಪ್ಪ ಗೇಟಿನ ಹತ್ತಿರ ಹೋಗಲೇ ಇಲ್ಲವಂತೆ. ತಗಡಿನ ಬೇಲಿಯ ಸುತ್ತ ಒಂದು ಸುತ್ತು ಬಂದ. ಸಂದುಗಳಲ್ಲಿ ಕಣ್ಣಿಟ್ಟು, ಕೈಗೆ ಸಿಕ್ಕ ಕಡೆ ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿ, ಕಿವಿಗೊಟ್ಟು ನೋಡಿದ. ಹಿಂದಿನ ಚಾಳಿನ ಮೆಟ್ಟಿಲು ಹತ್ತಿ ಅಲ್ಲಿಂದಲೂ ನೋಡಿದ. ಆಮೇಲೆ ಗಲ್ಲಿಯ ನಡುವೆ ನಿಂತು ತಲೆಯೆತ್ತಿದ. ಟೆರೇಸಿನ ಅಂಚಿನಲ್ಲಿ ಅಣ್ಣ ನಿಂತಿದ್ದ.

"ಏಯ್!" ಎಂದು ಅಪ್ಪ ಕೂಗಿದ. "ಮೆಟ್ರೋ ಬಾಜೂ ಮಕ್ಕೋಬ್ಯಾಡ! ಆ ಕಡೆ ಎರಡೂ ಕಾಲಮ್ ಸೀಳ್ಯಾವ, ಸರಳಿ ಕಾಣಾಕತ್ತಾವ. ಮೆಟ್ಟಲ ಬಾಜೂ ಮಕ್ಕೋ! ತಿಳೀತೇನು?"

ಮೂರು ವರ್ಷದ ಮೇಲೆ ಅಪ್ಪ ಅವನೊಡನೆ ಆಡಿದ ಮೊದಲ ಮಾತು ಅದು.

ಮೇಲಿನಿಂದ, "ಹೂಂ ಅಪ್ಪಾ!" ಎಂದು ಉತ್ತರ ಬಂತಂತೆ.

ಆಮೇಲೆ ಅಪ್ಪ ಪ್ರತಿ ಜೋರು ಮಳೆಯ ಮರುದಿನ ಹೋಗಿ ಬೇಲಿ ಸುತ್ತಿ ಬರುತ್ತಿದ್ದ. ಯಾವ ಬಿರುಕು ಎಷ್ಟು ಬಾಯಿಬಿಟ್ಟಿದೆ ಎಂದು ಕೂಗಿ ಹೇಳುತ್ತಿದ್ದ, ಅಣ್ಣ ಕೇಳುತ್ತಿದ್ದ, ಬೇರೆ ಮಾತಿಲ್ಲ. ನಾವೆಲ್ಲ ಆ ಕಟ್ಟಡದ ಜೊತೆ ಸಿಕ್ಕಿಹಾಕಿಕೊಂಡ ಹಾಗಾಯಿತು. ಮನೆಯಲ್ಲಿ ಮಳೆಯ ಸದ್ದು ಕೇಳಿದರೆ ಮೂವರೂ ಎದ್ದು ಕೂರುತ್ತಿದ್ದೆವು. ಬಂದುಬಿಡು ಎಂದು ಅಪ್ಪ ಒಮ್ಮೆಯೂ ಹೇಳಲಿಲ್ಲ. ಮುದುಕರ ಮಣಿಕಟ್ಟಿನ ಕತೆಯನ್ನು ಅವ್ವ ಅವನಿಗೆ ಹೇಳಿದ್ದಳು.

ಮಳೆಗಾಲ ಮುಗಿದ ಮೇಲೆ ಪುಣೆಯಿಂದ ಮಗಳು ಬಂದಳು. ಮಾಸ್ತರರಿಗೂ ಬಿಲ್ಡರಿಗೂ ಕರಾರಾಗಿತ್ತು, ಹೊಸ ಕಟ್ಟಡದಲ್ಲಿ ಅವರಿಗೊಂದು ಮನೆ ಎಂದು ಒಪ್ಪಿಗೆ. ಸರಪಳಿ ತೆಗೆದರು. ಅಣ್ಣ ಒಂದು ಚೀಲ ಹಿಡಿದು ಹೊರಗೆ ಬಂದ. ಅವನನ್ನು ಕರೆತರಲು ಅವ್ವ, ಅಪ್ಪ ಇಬ್ಬರೂ ಹೋಗಿದ್ದರು. ನನಗೆ ರಜೆ ಸಿಗಲಿಲ್ಲ.

ಅಣ್ಣ ಈಗ ನಮ್ಮ ಜೊತೆಗಿದ್ದಾನೆ. ಮಾವನಿಗೆ ತಾನೇ ಫೋನ್ ಮಾಡಿದ್ದ; ಅವರು ಎತ್ತಲಿಲ್ಲ, ಮತ್ತೆ ಮಾಡುತ್ತೇನೆ ಎಂದಿದ್ದಾನೆ. ನಾನು ಬೇರೆ ಸ್ಟುಡಿಯೋಗಳಿಗೆ ಅರ್ಜಿ ಹಾಕಿ ಎರಡು ಕಡೆ ಹೋಗಿ ಬಂದೆ. ಅಲ್ಲಿಯೂ ಬಾಗಿಲಲ್ಲಿ ಲಾಕರು, ಕಿಟಕಿಗೆ ಪ್ಲೈವುಡ್. ಸದ್ಯಕ್ಕೆ ಇಲ್ಲೇ ಇದ್ದೇನೆ.

ಬಂದ ಮೊದಲ ವಾರ ಅಣ್ಣ ಹೊಸ್ತಿಲು ದಾಟಲಿಲ್ಲ. ಎಲ್ಲರೂ ಕೆಲಸಕ್ಕೆ ಹೊರಟರೆ, "ನೀವು ಹೋಗ್ರಿ, ನಾ ಮನ್ಯಾಗ ಇರ್ತೀನಿ" ಎನ್ನುತ್ತಿದ್ದ. ಎಂಟನೆಯ ದಿನ ಅವ್ವ ಹಾಲಿನ ಪಾತ್ರೆಯನ್ನು ಅವನ ಕೈಗೆ ಕೊಟ್ಟು, "ಕೀಲಿ ಹಾಕ್ಕೊಂಡು ಹೋಗಿ ಬಾ. ಈ ಮನಿ ಯಾರೂ ಒಯ್ಯಂಗಿಲ್ಲ" ಎಂದಳು. ಅವನು ಬೀಗ ಹಾಕಿದ. ಎಳೆದು ನೋಡಿದ. ನಾಲ್ಕು ಬಾಗಿಲು ದಾಟಿ ಹೋದವನು ತಿರುಗಿ ಬಂದು ಮತ್ತೊಮ್ಮೆ ಎಳೆದು ನೋಡಿದ. ಆಮೇಲೆ ಮೆಟ್ಟಿಲು ಇಳಿದು ಹೋದ.